ಆಲೂಗಡ್ಡೆ ಮೇಲೆ ಯಾಕಮ್ಮ ಕೋಪ?

ಸುಮಾ, ನೀನು ಕಳಿಸಿದ ಪಟ್ಟಿ ನೋಡಿದೆ. ಒಂದು ಕಡೆ ಕಡಲೆಕಾಯಿ ಎಣ್ಣೆ, ಇನ್ನೊಂದು ಕಡೆ ಆಲೂಗಡ್ಡೆ, ಎರಡಕ್ಕೂ ನೂರು ಗ್ರಾಂ ಲೆಕ್ಕ. ಕಾರ್ಬೋಹೈಡ್ರೇಟ್ ಎಣ್ಣೆಯಲ್ಲಿ 0, ಆಲೂಗಡ್ಡೆಯಲ್ಲಿ 17 ಗ್ರಾಂ. ಸಕ್ಕರೆ ಎಣ್ಣೆಯಲ್ಲಿ 0. ವಿಟಮಿನ್ ಇ ಎಣ್ಣೆಯಲ್ಲಿ 15 ಮಿಲಿಗ್ರಾಂ, ಆಲೂಗಡ್ಡೆಯಲ್ಲಿ ಹೆಸರಿಗೂ ಇಲ್ಲ. ಕೊಲೆಸ್ಟರಾಲ್ ಎರಡರಲ್ಲೂ ಇಲ್ಲ, ಆದರೆ ಎಣ್ಣೆಯ ಕಡೆ ಮಾತ್ರ ಅದನ್ನು ಹಸಿರು ಬಣ್ಣದಲ್ಲಿ ದಪ್ಪಗೆ ಬರೆದಿದ್ದಾರೆ. ಕೆಳಗೆ ನಿನ್ನ ಪ್ರಶ್ನೆ: ‘ನೋಡಿ ದೊಡ್ಡಮ್ಮ, ನಾನು ಮಾಡಿದ್ದು ಸರಿ ತಾನೆ?’

ನೀನು ಏನು ಮಾಡಿದ್ದೀಯ ಅಂತ ನಿಮ್ಮಮ್ಮ ಮೊದಲೇ ಫೋನಿನಲ್ಲಿ ಹೇಳಿದ್ದಳು. ಅಳಿಯಂದಿರ ರಕ್ತಪರೀಕ್ಷೆಯಲ್ಲಿ ಸಕ್ಕರೆ ಗಡಿಯ ಹತ್ತಿರ ಬಂದು ನಿಂತಿದೆ, ಆವತ್ತಿನಿಂದ ನಿಮ್ಮ ಮನೆಗೆ ಆಲೂಗಡ್ಡೆ ಬರುವುದು ನಿಂತಿದೆ, ಅದರ ಬದಲಿಗೆ ತಿಂಗಳಿಗೊಂದು ಐದು ಲೀಟರಿನ ಮರದ ಗಾಣದ ಎಣ್ಣೆ ಕ್ಯಾನು ಬರುತ್ತಿದೆ. ಮಕ್ಕಳು ಮಸಾಲೆ ದೋಸೆ ಕೇಳಿದರೆ ಒಳಗೆ ಎಲೆಕೋಸಿನ ಪಲ್ಯ ಇಟ್ಟು ಕೊಡುತ್ತೀಯಂತೆ. ಅದು ಹೇಗಿರುತ್ತದೋ, ನಾನಂತೂ ತಿನ್ನೆ.

ಪಟ್ಟಿಯಲ್ಲಿ ಸುಳ್ಳಿಲ್ಲ ಕಣೇ. ಒಂದೊಂದು ಅಂಕಿಯೂ ಸರಿಯಾಗಿಯೇ ಇದೆ. ಎಡವಟ್ಟಿರುವುದು ತಲೆಯ ಮೇಲಿನ ಸಾಲಿನಲ್ಲಿ, ‘ಪ್ರತಿ 100 ಗ್ರಾಂಗೆ’ ಅನ್ನುವಲ್ಲಿ. ನೂರು ಗ್ರಾಂ ಆಲೂಗಡ್ಡೆ ಅಂದರೆ ಒಂದು ಮಧ್ಯಮ ಗಾತ್ರದ ಗಡ್ಡೆ, ಒಬ್ಬರು ಒಂದು ಹೊತ್ತಿಗೆ ಸಲೀಸಾಗಿ ತಿನ್ನುವಷ್ಟು. ನೂರು ಗ್ರಾಂ ಎಣ್ಣೆಯನ್ನು ಯಾರಮ್ಮ ತಿನ್ನುತ್ತಾರೆ ಒಂದು ಊಟಕ್ಕೆ? ಇವೆರಡನ್ನೂ ಒಂದೇ ತೂಕದಲ್ಲಿಟ್ಟು ನೋಡುವುದು ಚಿನ್ನದಂಗಡಿಯ ತಕ್ಕಡಿಯಲ್ಲಿ ಸೌದೆ ತೂಗಿದ ಹಾಗೆ. ಅಷ್ಟಿದ್ದರೂ ಪಟ್ಟಿಯ ಮೊದಲನೇ ಸಾಲು ನಿನಗೆ ಸತ್ಯ ಹೇಳುತ್ತಿತ್ತು. ನೀನು ಅದನ್ನು ದಾಟಿಕೊಂಡು ಕಾರ್ಬೋಹೈಡ್ರೇಟಿಗೆ ಹೋಗಿಬಿಟ್ಟೆ. ಕ್ಯಾಲೊರಿ: ಎಣ್ಣೆ 884, ಆಲೂಗಡ್ಡೆ 77.

ಈ ವಿಷಯದಲ್ಲಿ ನನಗೆ ಎರಡೂ ಕಡೆಯ ಋಣ ಇದೆ ಅಂತ ನಿನಗೆ ಗೊತ್ತು. ತವರು ಚಳ್ಳಕೆರೆ. ಮುಂಬೈ ಬಿಟ್ಟರೆ ಎಣ್ಣೆಗೆ ಚಳ್ಳಕೆರೆಯೇ ಅಂತ ಹೇಳುತ್ತಿದ್ದ ಕಾಲದಲ್ಲಿ ನಮ್ಮಪ್ಪ ಅಲ್ಲಿಯ ಮಿಲ್ಲೊಂದರಲ್ಲಿ ಗುಮಾಸ್ತರು. ಸೇರಿದ ಮನೆ ಹಾಸನದ ಕಡೆಯದು. ಮುಂಗಾರಿಗೆ ಜಲಂಧರದಿಂದ ಬಂದ ಬಿತ್ತನೆ ಗಡ್ಡೆ ಹಾಕಿ, ಅಂಗಮಾರಿ ರೋಗ ಬರದಿರಲಿ ಅಂತ ದೇವರಿಗೆ ಕೈ ಮುಗಿಯುವ ಊರು. ಮಧ್ಯೆ ಹುಡುಗಿಯರಿಗೆ ಗೃಹವಿಜ್ಞಾನ ಪಾಠ ಮಾಡಿಕೊಂಡಿದ್ದವಳು. ಆದ್ದರಿಂದ ಎಣ್ಣೆಯ ಮೇಲೂ ನನಗೆ ಹಗೆಯಿಲ್ಲ, ಆಲೂಗಡ್ಡೆಯ ವಕೀಲಿಕೆಯನ್ನೂ ವಹಿಸಿಕೊಂಡಿಲ್ಲ.

ಮೊದಲು ಗಡ್ಡೆಯೊಳಗೆ ಏನಿದೆ ನೋಡು. ನೂರು ಗ್ರಾಂನಲ್ಲಿ 79 ಗ್ರಾಂ ಹತ್ತಿರ ಬರೀ ನೀರು. ಕಾರ್ಬೋಹೈಡ್ರೇಟ್ 17, ಅದರಲ್ಲೇ ಎರಡು ಗ್ರಾಂ ನಾರು. ಪ್ರೋಟೀನ್ ಎರಡು ಗ್ರಾಂ. ಕೊಬ್ಬು 0.1 ಗ್ರಾಂ, ಇಲ್ಲವೆಂದೇ ಹೇಳಬಹುದು. ಪೊಟ್ಯಾಸಿಯಂ 420 ಮಿಲಿಗ್ರಾಂ ಆಸುಪಾಸು, ಬಾಳೆಹಣ್ಣಿಗಿಂತ ಒಂದು ಕೈ ಮೇಲು. ಸಿಪ್ಪೆ ಸಮೇತ ಬೇಯಿಸಿದರೆ ವಿಟಮಿನ್ ಸಿ 13 ಮಿಲಿಗ್ರಾಂ ಉಳಿಯುತ್ತದೆ. ಸಿಪ್ಪೆ ತೆಗೆದು ಹೋಳು ಮಾಡಿ ಬೇಯಿಸಿ ನೀರು ಚೆಲ್ಲಿದರೆ ಅದು ನೀರಿನ ಜೊತೆ ಮೋರಿಗೆ. ಬಿ6 ವಿಟಮಿನ್ನೂ ಒಂದಷ್ಟು ಇದೆ.

ಎಣ್ಣೆಯೊಳಗೆ? ಕೊಬ್ಬು, ಅಷ್ಟೆ. ನೀರಿಲ್ಲ, ನಾರಿಲ್ಲ, ಪ್ರೋಟೀನಿಲ್ಲ, ಪೊಟ್ಯಾಸಿಯಂ ಇಲ್ಲ, ಸಿ ಇಲ್ಲ. ಆ ಕೊಬ್ಬಿನಲ್ಲಿ ಅರ್ಧದಷ್ಟು ಒಲೀಕ್ ಜಾತಿಯದು, ಮೂರನೇ ಒಂದರಷ್ಟು ಲಿನೋಲೀಕ್ ಜಾತಿಯದು, ಉಳಿದದ್ದು ಗಟ್ಟಿ ಕೊಬ್ಬು. ಒಂದು ಗ್ರಾಂ ಪಿಷ್ಟ ಸುಟ್ಟರೆ ದೇಹಕ್ಕೆ 4 ಕ್ಯಾಲೊರಿ, ಒಂದು ಗ್ರಾಂ ಕೊಬ್ಬಿಗೆ 9. ಗಡ್ಡೆಯಲ್ಲಿ ನೀರು ತುಂಬಿಕೊಂಡಿರುವುದರಿಂದ ಆ 4 ಇನ್ನೂ ತೆಳುವಾಗುತ್ತದೆ. ಎಣ್ಣೆಯಲ್ಲಿ ತೆಳು ಮಾಡುವವರು ಯಾರೂ ಇಲ್ಲ.

ಈಗ ಒಲೆ ಹತ್ತಿರ ಬಾ. ನಾಲ್ಕು ಜನಕ್ಕೆ ಪಲ್ಯ ಅಂದರೆ ಅರ್ಧ ಕೆ.ಜಿ. ಆಲೂಗಡ್ಡೆ. ಕುಕ್ಕರಿನಲ್ಲಿ ಕೂಗಿಸಿ, ಸಿಪ್ಪೆ ಸುಲಿದು, ಕೈಯಲ್ಲಿ ಪುಡಿ ಮಾಡಿ ಇಟ್ಟುಕೊಂಡೆ ಅಂದುಕೋ. ಆ ಅರ್ಧ ಕೆ.ಜಿ.ಯ ಒಟ್ಟು ಕ್ಯಾಲೊರಿ 385. ಬಾಣಲೆ ಇಟ್ಟೆ, ಎಣ್ಣೆ ಹಾಕಿದೆ. ಹೇಗೆ ಹಾಕಿದೆ? ಕ್ಯಾನಿನಿಂದ ಜಗ್ಗಿಗೆ, ಜಗ್ಗಿನಿಂದ ಬಾಣಲೆಗೆ, ಕಣ್ಣಂದಾಜಿನಲ್ಲಿ. ಬಾಣಲೆಯ ತಳ ಮಿನುಗಿ, ಸಾಸಿವೆ ಅದರಲ್ಲಿ ಈಜಾಡುವಷ್ಟು ಆಯಿತು ಅಂದರೆ ದೊಡ್ಡ ಚಮಚದಲ್ಲಿ ಮೂರು ಬಿತ್ತು ಅಂತಲೇ ಲೆಕ್ಕ. ದೊಡ್ಡ ಚಮಚ ಅಂದರೆ 15 ಎಂ.ಎಲ್.ನದು. ಮೂರಕ್ಕೆ 45 ಎಂ.ಎಲ್., ತೂಕದಲ್ಲಿ 41 ಗ್ರಾಂ, ಕ್ಯಾಲೊರಿ 370ರ ಹತ್ತಿರ. ಸಾಸಿವೆ ಸಿಡಿಯುವ ಮುಂಚೆಯೇ ಅರ್ಧ ಕೆ.ಜಿ. ಆಲೂಗಡ್ಡೆಗೆ ಸರಿಸಮವಾದದ್ದು ಬಾಣಲೆಗೆ ಬಿದ್ದಾಯಿತು. ಆಮೇಲೆ ದೋಸೆ ಹುಯ್ಯುವಾಗ ಸುತ್ತ ಹಾಕುವ ಎಣ್ಣೆ ಬೇರೆ, ಮೇಲೆ ಸವರುವ ಬೆಣ್ಣೆ ಬೇರೆ.

ಎಲೆಕೋಸಿನ ಪಲ್ಯಕ್ಕೂ ನೀನು ಎಣ್ಣೆ ಇಷ್ಟೇ ಹಾಕುತ್ತೀಯಲ್ಲ? ಹಾಗಾದರೆ ತೆಗೆದದ್ದು ಗಡ್ಡೆಯನ್ನು, ಉಳಿಸಿಕೊಂಡದ್ದು ಎಣ್ಣೆಯನ್ನು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಗೊತ್ತಲ್ಲ. 1918ರಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಅನ್ನುವ ಡಾಕ್ಟರು ಕೂನೂರಿನಲ್ಲಿ ಬೆರಿಬೆರಿ ರೋಗದ ವಿಚಾರಣೆಗೆಂದು ಶುರು ಮಾಡಿದ ಚಿಕ್ಕ ಪ್ರಯೋಗಾಲಯ ಅದು. 1958ರಲ್ಲಿ ಹೈದರಾಬಾದಿಗೆ ಹೋಯಿತು. ನಾನು ಪಾಠ ಮಾಡುವಾಗ ಮೇಜಿನ ಮೇಲೆ ಇರುತ್ತಿದ್ದ ಆಹಾರಗಳ ಪೌಷ್ಟಿಕಾಂಶದ ಪುಸ್ತಕವೂ ಅವರದ್ದೇ. 2024ರಲ್ಲಿ ಅವರು ಹೊರತಂದ ಆಹಾರ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ಒಂದು ದಿನದ ಊಟಕ್ಕೆ ಎಣ್ಣೆ, ತುಪ್ಪ ಎಲ್ಲ ಸೇರಿ 27 ಗ್ರಾಂ ಸಾಕು ಅಂದಿದ್ದಾರೆ. ಚಹಾ ಚಮಚದಲ್ಲಿ ಆರು. ಬೆಳಗಿನ ತಿಂಡಿ, ಮಧ್ಯಾಹ್ನದ ಹುಳಿ ಪಲ್ಯ, ರಾತ್ರಿಯ ಚಪಾತಿ, ಎಲ್ಲದರ ಒಗ್ಗರಣೆ ಸೇರಿ ಆರು ಚಮಚ.

ನಿನ್ನ ಕ್ಯಾನಿನ ಲೆಕ್ಕ ಮಾಡಿದೆ. ಐದು ಲೀಟರ್ ಅಂದರೆ 4,550 ಗ್ರಾಂ; ಎಣ್ಣೆ ನೀರಿಗಿಂತ ಹಗುರ, ಲೀಟರಿಗೆ 910 ಗ್ರಾಂ ಅಂತ ಪ್ಯಾಕೆಟ್ಟಿನ ಮೇಲೇ ಇರುತ್ತದೆ ನೋಡು. ನಾಲ್ಕು ಜನ, ಮೂವತ್ತು ದಿನ. ತಲೆಗೆ ದಿನಕ್ಕೆ 38 ಗ್ರಾಂ. ಮಕ್ಕಳಿಬ್ಬರು ಚಿಕ್ಕವರು, ಹಾಗಾಗಿ ದೊಡ್ಡವರ ಪಾಲು ಇನ್ನೂ ಜಾಸ್ತಿ. ತುಪ್ಪ, ಬೆಣ್ಣೆ, ಭಾನುವಾರದ ಹೋಟೆಲು, ಅಳಿಯಂದಿರ ಆಫೀಸಿನ ಸಂಜೆಯ ಬಜ್ಜಿ ಈ ಲೆಕ್ಕದಲ್ಲಿ ಬಂದೇ ಇಲ್ಲ. 27ರ ಮೇಲೆ ಹೆಚ್ಚುವರಿ 11 ಗ್ರಾಂ, ಅಂದರೆ ನೂರು ಕ್ಯಾಲೊರಿ. 130 ಗ್ರಾಂ ಆಲೂಗಡ್ಡೆಯಲ್ಲಿ ಇರುವಷ್ಟು. ನೀನು ಮುಂಬಾಗಿಲಿನಿಂದ ಓಡಿಸಿದ ಗಡ್ಡೆ ದಿನಕ್ಕೊಂದರಂತೆ ಕ್ಯಾನಿನ ಮೂಲಕ ಒಳಗೆ ಬರುತ್ತಾ ಇದೆ, ಅದೂ ತನ್ನ ಪೊಟ್ಯಾಸಿಯಂ, ನಾರು ಎಲ್ಲ ಹೊರಗೆ ಬಿಟ್ಟು.

ನಿನ್ನೊಬ್ಬಳ ಕಥೆಯಲ್ಲ ಬಿಡು. ನೀತಿ ಆಯೋಗದ 2024ರ ವರದಿಯ ಪ್ರಕಾರ ದೇಶದಲ್ಲಿ ಖಾದ್ಯ ತೈಲದ ತಲಾ ಬಳಕೆ ವರ್ಷಕ್ಕೆ 19.7 ಕೆ.ಜಿ. ದಿನಕ್ಕೆ ಹಂಚಿದರೆ 54 ಗ್ರಾಂ, ಹೇಳಿದ್ದರ ಎರಡು ಪಟ್ಟು. ನಮ್ಮ ಕಾಲದಲ್ಲಿ ಅಂಗಡಿಗೆ ಪಾತ್ರೆ ಹಿಡಿದುಕೊಂಡು ಹೋಗಿ ಅಳತೆಯಲ್ಲಿ ಹಾಕಿಸಿಕೊಂಡು ಬರುತ್ತಿದ್ದೆವು, ಮುಗಿಯಿತು ಅಂದರೆ ಮುಗಿಯಿತು. ಕ್ಯಾನು ಬಂದ ಮೇಲೆ ತಳ ಕಾಣುವ ಹೆದರಿಕೆ ಹೋಯಿತು.

‘ಅವರಿಗೆ ಇರುವುದು ಸಕ್ಕರೆ ತೊಂದರೆ, ಎಣ್ಣೆಯಲ್ಲಿ ಸಕ್ಕರೆ ಎಲ್ಲಿದೆ ದೊಡ್ಡಮ್ಮ’ ಅಂತ ನೀನು ಕೇಳುತ್ತೀಯ. ನ್ಯಾಯವಾದ ಪ್ರಶ್ನೆ. ಎಣ್ಣೆ ರಕ್ತದ ಸಕ್ಕರೆಯನ್ನು ಊಟವಾದ ತಕ್ಷಣ ಏರಿಸುವುದಿಲ್ಲ, ನಿಜ. ಆದರೆ ಗಡಿಯಲ್ಲಿ ನಿಂತವರನ್ನು ಆಚೆಗೆ ತಳ್ಳುವುದರಲ್ಲಿ ಹೊಟ್ಟೆಯ ಸುತ್ತಳತೆಯ ಪಾಲು ದೊಡ್ಡದು. ಅಮೆರಿಕದಲ್ಲಿ ಇಂಥ ಗಡಿಯಲ್ಲಿದ್ದವರನ್ನೇ ಸೇರಿಸಿಕೊಂಡು ನಡೆಸಿದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2002ರಲ್ಲಿ ಬಂತು. ಮೈತೂಕದ ನೂರಕ್ಕೆ 7 ಭಾಗ ಇಳಿಸಿ, ವಾರಕ್ಕೆ 150 ನಿಮಿಷ ನಡೆಯುವ ಗುರಿ ಇಟ್ಟುಕೊಂಡವರಲ್ಲಿ ಸಕ್ಕರೆ ಕಾಯಿಲೆಗೆ ತಿರುಗುವ ಸಂಭವ ನೂರಕ್ಕೆ 58ರಷ್ಟು ಕಡಿಮೆಯಾಯಿತು. ಮಾತ್ರೆ ತೆಗೆದುಕೊಂಡವರಿಗಿಂತ ಇವರೇ ಮೇಲು. ಅಳಿಯಂದಿರ ತೂಕ ಮದುವೆಯಲ್ಲಿ ಎಷ್ಟಿತ್ತು, ಈಗ ಎಷ್ಟಾಗಿದೆ ಅಂತ ನಾನು ಕೇಳುವುದು ಸರಿಯಲ್ಲ, ನೀನೇ ಕೇಳು.

ಆಲೂಗಡ್ಡೆಯನ್ನು ಬೇಕಾದಷ್ಟು ತಿನ್ನಿ ಅಂತಲೂ ನಾನು ಹೇಳುತ್ತಿಲ್ಲ. ಬೇಯಿಸಿದ ಆಲೂಗಡ್ಡೆ ಸಕ್ಕರೆಯನ್ನು ಬೇಗ ಏರಿಸುತ್ತದೆ. ಗ್ಲೈಸೆಮಿಕ್ ಸೂಚ್ಯಂಕ ಅಂತ ಒಂದು ಅಳತೆ ಇದೆಯಲ್ಲ, 2008ರ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಬೆಂದ ಆಲೂಗಡ್ಡೆಗೆ 78, ಬಿಳಿ ಅನ್ನಕ್ಕೆ 73. ಅದೇ ಪಟ್ಟಿಯಲ್ಲಿ ಎಣ್ಣೆಯಲ್ಲಿ ಕರಿದ ಚಿಪ್ಸಿಗೆ ಎಷ್ಟು ಗೊತ್ತಾ? 56. ಕೊಬ್ಬು ಜೀರ್ಣವನ್ನು ನಿಧಾನ ಮಾಡುವುದರಿಂದ ಚಿಪ್ಸು ಪಾಸು, ಬೆಂದ ಗಡ್ಡೆ ಫೇಲು! ಒಂದೇ ಕಾಲಂ ಓದಿಕೊಂಡು ಅಡುಗೆ ಮಾಡಿದರೆ ಗಂಡನಿಗೆ ಬೆಳಿಗ್ಗೆ ಸಂಜೆ ಚಿಪ್ಸ್ ಕೊಡಬೇಕಾಗುತ್ತದೆ.

ನಮ್ಮ ಮನೆಗಳಲ್ಲಿ ಆಲೂಗಡ್ಡೆಯಿಂದ ಆಗುವ ನಿಜವಾದ ತಪ್ಪು ಬೇರೆ ಇದೆ. ಅದನ್ನು ತರಕಾರಿ ಅಂತ ಲೆಕ್ಕ ಹಾಕಿಬಿಡುತ್ತೇವೆ. ಅನ್ನ ಇದೆ, ಚಪಾತಿ ಇದೆ, ‘ತರಕಾರಿ’ ಆಲೂಗಡ್ಡೆ ಪಲ್ಯ ಇದೆ, ಅಲ್ಲಿಗೆ ಊಟ ಪೂರ್ಣವಾಯಿತು. ಅದು ಪಿಷ್ಟದ ಮೇಲೆ ಪಿಷ್ಟದ ಮೇಲೆ ಪಿಷ್ಟ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 400 ಗ್ರಾಂ ಹಣ್ಣು ತರಕಾರಿ ತಿನ್ನಿ ಅಂದಾಗ ಆಲೂಗಡ್ಡೆ, ಗೆಣಸು, ಮರಗೆಣಸನ್ನು ಅದರಲ್ಲಿ ಸೇರಿಸಬೇಡಿ ಅಂತ ಸ್ಪಷ್ಟವಾಗಿಯೇ ಹೇಳಿದೆ. ಅದನ್ನು ಅನ್ನದ ಪಂಕ್ತಿಯಲ್ಲಿ ಕೂರಿಸು, ಹುರುಳಿಕಾಯಿಯ ಪಂಕ್ತಿಯಲ್ಲಿ ಬೇಡ. ನೂರು ಗ್ರಾಂ ಅನ್ನದಲ್ಲಿ 28 ಗ್ರಾಂ ಕಾರ್ಬೋಹೈಡ್ರೇಟ್, ನೂರು ಗ್ರಾಂ ಬೆಂದ ಆಲೂಗಡ್ಡೆಯಲ್ಲಿ 20. ಆಲೂಗಡ್ಡೆ ಮಾಡಿದ ದಿನ ತಟ್ಟೆಯಲ್ಲಿ ಒಂದು ಸೌಟು ಅನ್ನ ಕಡಿಮೆ ಬೀಳಲಿ, ಪಕ್ಕದಲ್ಲಿ ಸೊಪ್ಪಿನ ಪಲ್ಯ, ಕೋಸಂಬರಿ ಇರಲಿ. ಸಕ್ಕರೆಯ ಲೆಕ್ಕ ತಾನಾಗಿ ಸರಿ ಹೋಗುತ್ತದೆ. ಬೇಯಿಸಿ ಆರಿಸಿದ ಗಡ್ಡೆಯಲ್ಲಿ ಪಿಷ್ಟದ ಒಂದು ಪಾಲು ಗಟ್ಟಿಯಾಗಿ ನಾರಿನಂತೆ ನಡೆದುಕೊಳ್ಳುತ್ತದೆ. ಮೊಸರು ಕಲಸಿದ ಆಲೂಗಡ್ಡೆ ಬಜ್ಜಿ, ಅದೇ ನಮ್ಮ ಅತ್ತೆ ಮಾಡುತ್ತಿದ್ದ ಹಾಗೆ, ಈ ಕಾರಣಕ್ಕೂ ಒಳ್ಳೆಯದು. ಒಗ್ಗರಣೆಗೆ ಅರ್ಧ ಚಮಚ ಎಣ್ಣೆ ಸಾಕು ಅದಕ್ಕೆ.

ಹೊಟ್ಟೆ ತುಂಬುವ ಮಾತು ಬಂದರೆ ಆಲೂಗಡ್ಡೆಗೆ ಎದುರಿಲ್ಲ. 1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಸುಸಾನಾ ಹೋಲ್ಟ್ ಮತ್ತು ಅವರ ಜೊತೆಯವರು ಒಂದು ಪರೀಕ್ಷೆ ಮಾಡಿದರು. ಬೇರೆ ಬೇರೆ ತಿನಿಸನ್ನು ಕ್ಯಾಲೊರಿಯಲ್ಲಿ ಸಮನಾಗಿ ಕೊಟ್ಟು, ಎರಡು ಗಂಟೆಯ ತನಕ ಯಾವುದರಿಂದ ಎಷ್ಟು ಹೊಟ್ಟೆ ತುಂಬಿದಂತೆ ಇರುತ್ತದೆ ಅಂತ ಕೇಳಿದರು. ಬಿಳಿ ಬ್ರೆಡ್ಡಿಗೆ 100 ಅಂತ ಇಟ್ಟರೆ ಬೇಯಿಸಿದ ಆಲೂಗಡ್ಡೆಗೆ 323 ಬಂತು, ಎಲ್ಲಕ್ಕಿಂತ ಮೇಲೆ. ಬೆಣ್ಣೆ ತುಂಬಿದ ಕ್ರೋಸಾಂ ಅನ್ನುವ ಬೇಕರಿ ತಿನಿಸಿಗೆ 47, ಎಲ್ಲಕ್ಕಿಂತ ಕೆಳಗೆ. ಎಣ್ಣೆ ಬೆಣ್ಣೆ ಹೊಟ್ಟೆಯಲ್ಲಿ ಜಾಗ ಹಿಡಿಯುವುದಿಲ್ಲ ಕಣೇ, ಸದ್ದಿಲ್ಲದೆ ಹೋಗಿ ಸೇರಿಕೊಳ್ಳುತ್ತದೆ. ಬೆಂದ ಗಡ್ಡೆ ಎರಡು ತಿಂದರೆ ಮೂರನೆಯದು ಗಂಟಲಲ್ಲಿ ಇಳಿಯುವುದಿಲ್ಲ. ಚಿಪ್ಸಿನ ಪ್ಯಾಕೆಟ್ಟು ಹರಿದರೆ ತಳ ಕೆರೆಯುವ ತನಕ ಬಿಡುವುದಿಲ್ಲ.

ಇಷ್ಟು ಓದಿ ನಾಳೆಯಿಂದ ಎಣ್ಣೆ ಬಂದ್ ಅಂತ ಹೊರಟೀಯ, ನಿನ್ನ ಸ್ವಭಾವ ನನಗೆ ಗೊತ್ತು. ಅದೂ ಬೇಡ. ಎಣ್ಣೆಯಿಲ್ಲದೆ ದೇಹ ನಡೆಯುವುದಿಲ್ಲ ಅಂತ ತೋರಿಸಿದ್ದು ಜಾರ್ಜ್ ಮತ್ತು ಮಿಲ್ಡ್ರೆಡ್ ಬರ್ ಎಂಬ ಗಂಡ ಹೆಂಡತಿ, 1929ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ. ಇಲಿಗಳಿಗೆ ಉಳಿದ ಎಲ್ಲ ಪೋಷಕಾಂಶ ಕೊಟ್ಟು ಕೊಬ್ಬನ್ನು ಪೂರ್ತಿ ತೆಗೆದುಬಿಟ್ಟರು. ಇಲಿಗಳ ಬೆಳವಣಿಗೆ ನಿಂತಿತು, ಬಾಲದ ಚರ್ಮ ಒಣಗಿ ಹೊಪ್ಪಳಿಕೆ ಎದ್ದಿತು. ಲಿನೋಲೀಕ್ ಆಮ್ಲ ಇರುವ ಕೊಬ್ಬನ್ನು ತುಸುವೇ ಕೊಟ್ಟ ಮೇಲೆ ಚೇತರಿಸಿಕೊಂಡವು. ನಮ್ಮ ದೇಹಕ್ಕೂ ಅದನ್ನು ಸ್ವಂತವಾಗಿ ತಯಾರಿಸಿಕೊಳ್ಳಲು ಬರುವುದಿಲ್ಲ. ಆಲೂಗಡ್ಡೆಯಿಂದಲೂ ಅದು ಸಿಗುವುದಿಲ್ಲ. ಕಡಲೆಕಾಯಿ ಎಣ್ಣೆಯಲ್ಲಿ ಧಾರಾಳವಾಗಿದೆ. ಜೊತೆಗೆ ಎ, ಡಿ, ಇ, ಕೆ ವಿಟಮಿನ್ನುಗಳು ಕೊಬ್ಬಿನಲ್ಲಿ ಕರಗಿಯೇ ರಕ್ತ ಸೇರಬೇಕು. ದಂಟಿನಸೊಪ್ಪು, ಕ್ಯಾರೆಟ್ಟು ಬೇಯಿಸಿ ಹಾಗೇ ತಿಂದರೆ ಅದರ ಸಾರ ಅರ್ಧಂಬರ್ಧ ಪೋಲು. ಒಂದು ಚಮಚ ಎಣ್ಣೆಯ ಒಗ್ಗರಣೆ ಬಿದ್ದಾಗಲೇ ಅದು ಮೈಗೆ ಹತ್ತುವುದು.

ಅದರ ಹಿಂದಿನ ವರ್ಷ, 1928ರಲ್ಲಿ, ಕಾನ್ ಮತ್ತು ಕ್ಲೈನ್ ಎಂಬ ಇಬ್ಬರು ವಿಜ್ಞಾನಿಗಳು ಆಲೂಗಡ್ಡೆಯನ್ನು ಪರೀಕ್ಷೆಗೆ ಹಚ್ಚಿದ್ದರು. ಒಬ್ಬ ಗಂಡಸು, ಒಬ್ಬ ಹೆಂಗಸು 167 ದಿನ ಆಲೂಗಡ್ಡೆಯನ್ನೇ ಮುಖ್ಯ ಊಟ ಮಾಡಿಕೊಂಡು ಇದ್ದರು. ಪ್ರೋಟೀನೆಲ್ಲ ಹೆಚ್ಚುಕಡಿಮೆ ಗಡ್ಡೆಯಿಂದಲೇ. ಆರೋಗ್ಯವಾಗಿದ್ದರು, ಬೇಸರವೂ ಬರಲಿಲ್ಲವಂತೆ. ಆದರೆ ಅವರೂ ಬರೀ ಗಡ್ಡೆ ತಿಂದಿರಲಿಲ್ಲ, ಜೊತೆಗೆ ಕೊಬ್ಬು ಇತ್ತು. ನಿನ್ನ ಪಟ್ಟಿ ಎದುರಾಳಿಗಳ ಹಾಗೆ ಎರಡು ಕಡೆ ನಿಲ್ಲಿಸಿರುವ ಇವು ತಟ್ಟೆಯಲ್ಲಿ ಜೊತೆಯಾಗಿ ಇರಬೇಕಾದವು. ಒಂದು ಹಿಡಿಯಷ್ಟು, ಇನ್ನೊಂದು ಚಮಚದಷ್ಟು.

ಇವೆರಡರ ಸ್ನೇಹ ಮಿತಿ ಮೀರುವುದು ಕರಿಯುವ ಬಾಣಲೆಯಲ್ಲಿ. ಆಲೂಗಡ್ಡೆಯ ಬಿಲ್ಲೆ ಕಾದ ಎಣ್ಣೆಗೆ ಬಿದ್ದ ಕೂಡಲೇ ಬುಸ್ಸೆಂದು ಗುಳ್ಳೆ ಏಳುತ್ತದಲ್ಲ, ಅದು ಗಡ್ಡೆಯೊಳಗಿನ ನೀರು ಹಬೆಯಾಗಿ ಹೊರಡುವ ಸದ್ದು. ಹಬೆ ಹೊರಗೆ ನುಗ್ಗುತ್ತಿರುವ ತನಕ ಎಣ್ಣೆಗೆ ಒಳಗೆ ಹೋಗಲು ದಾರಿ ಸಿಗುವುದಿಲ್ಲ. ಗುಳ್ಳೆ ಅಡಗಿತು, ತೂತಿನ ಸೌಟಿನಲ್ಲಿ ಮೇಲೆತ್ತಿದೆ, ಬಿಲ್ಲೆ ತಣಿಯಲು ಶುರುವಾಯಿತು. ಆಗ ಖಾಲಿಯಾದ ಸಣ್ಣ ರಂಧ್ರಗಳು ಮೈಮೇಲೆ ಅಂಟಿದ್ದ ಎಣ್ಣೆಯನ್ನು ಒಳಗೆ ಎಳೆದುಕೊಳ್ಳುತ್ತವೆ. ಕರಿದ ತಿಂಡಿ ಕುಡಿಯುವ ಎಣ್ಣೆಯ ದೊಡ್ಡ ಪಾಲು ಕುಡಿಯುವುದು ಬಾಣಲೆಯಿಂದ ಹೊರಗೆ ಬಂದ ಮೇಲೆ. ಅದಕ್ಕೇ ಎತ್ತಿದ ತಕ್ಷಣ, ಬಿಸಿ ಆರುವ ಮುಂಚೆ, ಸೌಟನ್ನು ಬಾಣಲೆಯ ಅಂಚಿಗೆ ಎರಡು ಸಲ ಚೆನ್ನಾಗಿ ಕುಟ್ಟಿ, ಸೋಸಿ, ಕಾಗದದ ಮೇಲೆ ಹರಡಬೇಕು. ಒಂದರ ಮೇಲೊಂದು ಗುಡ್ಡೆ ಹಾಕಿ ಇಟ್ಟು ಆಮೇಲೆ ಒತ್ತಿದರೆ ಪ್ರಯೋಜನ ಇಲ್ಲ. ಬಿಲ್ಲೆ ತೆಳುವಾದಷ್ಟೂ ಎಣ್ಣೆ ಜಾಸ್ತಿ ಹಿಡಿಯುತ್ತದೆ. ಅಂಗಡಿ ಚಿಪ್ಸಿನ ನೂರು ಗ್ರಾಂನಲ್ಲಿ 35 ಗ್ರಾಂವರೆಗೂ ಕೊಬ್ಬು. ಕ್ಯಾಲೊರಿ 540ರ ಆಸುಪಾಸು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆಯದ್ದು. ಪ್ಯಾಕೆಟ್ಟಿನ ಮೇಲೆ ಚಿತ್ರ ಗಡ್ಡೆಯದು, ಕೆಟ್ಟ ಹೆಸರೂ ಗಡ್ಡೆಗೆ.

ಮರದ ಗಾಣದ ಎಣ್ಣೆ ಬಗ್ಗೆ ನಿನಗೆ ಅಭಿಮಾನ. ಇರಲಿ, ಪರಿಮಳ ಅದರದ್ದೇ ಚೆನ್ನ, ಚಟ್ನಿಪುಡಿಗೆ ಕಲಸಿಕೊಳ್ಳಲು ಬೇರೆ ಎಣ್ಣೆ ನನಗೂ ಸೇರದು. ಆದರೆ ಕ್ಯಾಲೊರಿಯಲ್ಲಿ ಗಾಣದ್ದು, ಮಿಲ್ಲಿನದು, ರಿಫೈನ್ಡ್, ಮೂರೂ ಒಂದೇ. ಕೊಬ್ಬರಿ ಎಣ್ಣೆಯೂ ಅಷ್ಟೇ, ಅದರಲ್ಲಿ ಗಟ್ಟಿ ಕೊಬ್ಬು ಬೇರೆ ನೂರಕ್ಕೆ ತೊಂಬತ್ತರ ಹತ್ತಿರ. ಗಾಣದ ಎಣ್ಣೆ ಕೊಳ್ಳುವಾಗ ಕಾಯಿ ಎಂಥದ್ದು ಹಾಕುತ್ತಾರೆ ಅಂತ ನೋಡು. ಮಿಲ್ಲಿಗೆ ಚೀಲ ಬಂದಾಗ ನಮ್ಮಪ್ಪ ಬಾಯಿ ಬಿಚ್ಚಿ ಮೇಲಿನ ಕಾಯಿ ನೋಡುತ್ತಿರಲಿಲ್ಲ, ತಳದವರೆಗೆ ಕೈ ಇಳಿಸಿ ಒಂದು ಹಿಡಿ ತೆಗೆದು ಒಡೆಯುತ್ತಿದ್ದರು. ಬೀಜದ ಮೇಲೆ ಬೂಷ್ಟು, ಕಪ್ಪು ಕಂಡರೆ ಚೀಲ ವಾಪಸ್ಸು. ಆ ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಅನ್ನುವ ವಿಷ ಬರುತ್ತದೆ, ಯಕೃತ್ತಿಗೆ ಕೆಡುಕು. ರಿಫೈನ್ ಮಾಡುವಾಗ ಅದು ಹೋಗುತ್ತದೆ, ಬರೀ ಸೋಸಿದ ಎಣ್ಣೆಯಲ್ಲಿ ಹೋಗುವುದಿಲ್ಲ. ಕಾಯಿಯನ್ನು ಕಣ್ಣೆದುರು ತೋರಿಸುವ ಗಾಣದವನ ಹತ್ತಿರವೇ ಕೊಳ್ಳು.

ಆ ಮಿಲ್ಲಿನ ಅಂಗಳದಲ್ಲಿ ಕಂಡ ಇನ್ನೊಂದು ವಿಷಯ ಹೇಳಲೇಬೇಕು. ಬೀಜ ಹಿಂಡಿದರೆ ಎಣ್ಣೆ ಒಂದು ಕಡೆ ಡಬ್ಬಕ್ಕೆ, ಹಿಂಡಿ ಇನ್ನೊಂದು ಕಡೆ ಗಾಡಿಗೆ. ಕಡಲೆಕಾಯಿ ಬೀಜದಲ್ಲಿ ನೂರಕ್ಕೆ 25 ಭಾಗ ಪ್ರೋಟೀನು. ಆ ಪ್ರೋಟೀನು, ನಾರು, ಖನಿಜ ಎಲ್ಲ ಹೋಗುವುದು ಹಿಂಡಿಗೆ, ಹಿಂಡಿ ಹೋಗುವುದು ದನಕ್ಕೆ. ನಮ್ಮ ಪಾಲಿಗೆ ಬಂದದ್ದು ಕೊಬ್ಬು ಮಾತ್ರ. ನಿನ್ನ ಪಟ್ಟಿ ಹೊಗಳಿದ ಆ ವಿಟಮಿನ್ ಇ ಕೂಡ ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಬರುವುದು 2 ಮಿಲಿಗ್ರಾಂ ಅಷ್ಟೇ. ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ, ಸುಮಾರು 30 ಗ್ರಾಂ, ತಿಂದರೆ ಅದಕ್ಕಿಂತ ತುಸು ಜಾಸ್ತಿಯೇ ಸಿಗುತ್ತದೆ, ಜೊತೆಗೆ ಏಳು ಗ್ರಾಂ ಪ್ರೋಟೀನು ಉಚಿತ. ಬಾಣಲೆಯಲ್ಲಿ ಒಂದು ಚಮಚ ಎಣ್ಣೆ ಕಡಿಮೆ ಮಾಡಿ ಆ ಪಲ್ಯದ ಮೇಲೆ ಹುರಿದ ಬೀಜದ ತರಿಪುಡಿ ಉದುರಿಸು. ಚಿತ್ರದುರ್ಗದ ಕಡೆಯ ರುಚಿ ಬರುತ್ತದೆ, ಅಳಿಯಂದಿರು ಎರಡನೇ ಸಲ ಹಾಕಿಸಿಕೊಂಡರೆ ನನ್ನನ್ನು ಬೈಯಬೇಡ.

ಮಾಡಬೇಕಾದದ್ದು ಬಹಳ ಇಲ್ಲ. ಕ್ಯಾನನ್ನು ಅಟ್ಟಕ್ಕೆ ಏರಿಸು. ತಿಂಗಳ ಮೊದಲನೇ ದಿನ ಅದರಿಂದ ಮೂರು ಲೀಟರ್ ಮಾತ್ರ ಬೇರೆ ಡಬ್ಬಕ್ಕೆ ಸುರಿದುಕೋ. ನಾಲ್ಕು ಜನಕ್ಕೆ 27 ಗ್ರಾಂನಂತೆ ಮೂರೂವರೆ ಲೀಟರ್ ಆಗುತ್ತದೆ, ಉಳಿದ ಅರ್ಧ ತುಪ್ಪ, ಹೋಟೆಲಿನ ಖಾತೆಗೆ. ಒಲೆಯ ಪಕ್ಕ ಜಗ್ಗು ಬೇಡ, ಚಹಾ ಚಮಚ ಹಾಕಿದ ಬಾಯಗಲದ ಡಬ್ಬಿ ಇರಲಿ. ಚಮಚದಲ್ಲಿ ಎಣಿಸಿ ಹಾಕುವ ಅಭ್ಯಾಸ ಆದರೆ ಕೈ ತಾನಾಗಿ ಹಿಡಿತಕ್ಕೆ ಬರುತ್ತದೆ. ಒಮ್ಮೆ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡ. ಹೋಟೆಲಿನವರಿಗಾದರೆ ಆಹಾರ ಸುರಕ್ಷತಾ ಪ್ರಾಧಿಕಾರ 2018ರಿಂದ ಅಳತೆಯ ಮಿತಿ ಇಟ್ಟಿದೆ, ಎಣ್ಣೆಯಲ್ಲಿ ಕೆಟ್ಟು ಹುಟ್ಟುವ ಅಂಶ ನೂರಕ್ಕೆ 25 ದಾಟಿದರೆ ಚೆಲ್ಲಬೇಕು. ಮನೆಯಲ್ಲಿ ಅಳೆಯಲಾಗದು, ಸೋಸಿ ಒಂದೆರಡು ದಿನದಲ್ಲಿ ಒಗ್ಗರಣೆಗೆ ಮುಗಿಸಿಬಿಡು. ಆಲೂಗಡ್ಡೆ ಫ್ರಿಜ್ಜಿಗೆ ಬೇಡ, ಪಿಷ್ಟ ಸಕ್ಕರೆಯಾಗಿ ಸಿಹಿ ತಿರುಗುತ್ತದೆ, ಕರಿದರೆ ಕಪ್ಪಾಗುತ್ತದೆ. ಗಾಳಿಯಾಡುವ ಕತ್ತಲೆ ಮೂಲೆಯಲ್ಲಿ ಬುಟ್ಟಿಯಲ್ಲಿ ಇಡು. ಹಸಿರು ತಿರುಗಿದ್ದು, ಮೊಳಕೆ ಬಂದದ್ದು ಬಿಸಾಡು.

ಒಂದು ಎಚ್ಚರ. ನಿಮ್ಮತ್ತೆಯವರಿಗೆ ಮೂತ್ರಪಿಂಡದ ತೊಂದರೆ ಇದೆಯಲ್ಲ, ನಾನು ಇಷ್ಟೊತ್ತು ಹೊಗಳಿದ ಪೊಟ್ಯಾಸಿಯಮ್ಮೇ ಅವರಿಗೆ ಆಗಿಬರುವುದಿಲ್ಲ. ಅವರು ಬಂದಾಗ ಅವರ ಡಾಕ್ಟರು ಹೇಳಿದ ಪಥ್ಯವೇ ನಡೆಯಲಿ. ಅಳಿಯಂದಿರ ವಿಷಯದಲ್ಲೂ ಅಷ್ಟೆ. ಊಟವಾಗಿ ಎರಡು ಗಂಟೆಗೆ ಮನೆಯ ಯಂತ್ರದಲ್ಲಿ ಸಕ್ಕರೆ ನೋಡಿಕೊಳ್ಳಲಿ, ಆಲೂಗಡ್ಡೆ ತಿಂದ ದಿನವೂ, ತಿನ್ನದ ದಿನವೂ. ಆ ಅಂಕಿ ಅವರ ದೇಹದ್ದು, ಯಾವ ಪಟ್ಟಿಗಿಂತಲೂ ಅದಕ್ಕೆ ಬೆಲೆ ಜಾಸ್ತಿ.

ಏರ್ ಫ್ರೈಯರ್ ಕೊಳ್ಳಲೇ ಅಂತಲೂ ಕೇಳಿದ್ದೀಯ. ಎಣ್ಣೆಯೇನೋ ಉಳಿಯುತ್ತದೆ, ಗಡ್ಡೆಯ ಪಿಷ್ಟ ಹಾಗೇ ಇರುತ್ತದೆ, ಅದು ಗೊತ್ತಿದ್ದರೆ ಕೊಳ್ಳು. ಅದಕ್ಕೂ ಮುಂಚೆ ಮಕ್ಕಳಿಗೆ ಒಂದು ಸಂಜೆ ಹೀಗೆ ಮಾಡಿಕೊಡು. ಸಿಪ್ಪೆ ಸಮೇತ ಮುಕ್ಕಾಲು ಬೇಯಿಸಿದ ಗಡ್ಡೆಯನ್ನು ಬೆರಳಿನ ದಪ್ಪಕ್ಕೆ ಬಿಲ್ಲೆ ಮಾಡಿ, ಉಪ್ಪು, ಅಚ್ಚಖಾರ, ಚೂರು ಇಂಗು ಸವರು. ದೋಸೆ ಕಾವಲಿಗೆ ಎರಡು ಚಹಾ ಚಮಚ ಎಣ್ಣೆ ಹರಡಿ ಬಿಲ್ಲೆ ಜೋಡಿಸಿ ಮುಚ್ಚಿಡು. ಸಣ್ಣ ಉರಿ. ಹೊಂಬಣ್ಣ ಬಂದಾಗ ತಿರುವಿ ಹಾಕು, ಕಂದು ಆಗಲು ಬಿಡಬೇಡ; ಕಂದಿದ ಪಿಷ್ಟದಲ್ಲಿ ಅಕ್ರಿಲಮೈಡ್ ಹುಟ್ಟುತ್ತದೆ ಅಂತ 2002ರಲ್ಲಿ ಸ್ವೀಡನ್ನಿನವರು ಕಂಡುಕೊಂಡಿದ್ದಾರೆ. ಅರ್ಧ ಕೆ.ಜಿ. ಗಡ್ಡೆಗೆ ಎರಡು ಚಮಚ, ನೆನಪಿರಲಿ. ಮೂರನೆಯದು ಹಾಕಲು ಕೈ ಹೋದರೆ ನನಗೆ ಫೋನ್ ಮಾಡು.